ಪ್ಲೀಟ್ ಕರ್ಟನ್‌ಗೆ ಯಾವ ಬಕ್ರಮ್? ಕೇಳಿ, ಟೈಲರ್ ಉತ್ತರಿಸ್ತಾರೆ

ಪರದೆ ಟೈಲರ್: ನಮಸ್ಕಾರ. ಬಕ್ರಮ್ ಅಂದರೆ ಪರದೆಯ ಮೇಲಿನ ಪಟ್ಟಿ ನೆಟ್ಟಗೆ ನಿಲ್ಲಲಿ ಅಂತ ಒಳಗೆ ಹಾಕುವ ಗಟ್ಟಿ ಪಟ್ಟಿ. ಬಕ್ರಮ್ ಆರಿಸೋದು, ಹೊಲಿಯೋದು, ಪ್ಲೀಟ್ ಹಿಡಿಯೋದು, ಏನು ಬೇಕಾದರೂ ಕೇಳಿ. ಬಟ್ಟೆ ಯಾವುದು, ಮನೆಯಲ್ಲೇ ಒಗೆಯುತ್ತೀರಾ ಅನ್ನೋದನ್ನೂ ಬರೆಯಿರಿ.

ದಾರದುಂಡೆ: ನೆಲದವರೆಗೆ ಬರುವ ಪರದೆ. ಎಷ್ಟು ಅಗಲದ ಬಕ್ರಮ್ ತರಲಿ?

ಪರದೆ ಟೈಲರ್: ಸಾಮಾನ್ಯವಾಗಿ ನಾಲ್ಕು ಇಂಚು ಸಾಕು. ಪರದೆ ತುಂಬಾ ಎತ್ತರ, ಬಟ್ಟೆಯೂ ಭಾರ ಅಂದರೆ ಐದು ಅಥವಾ ಆರು.

ಕಿಟಕಿಮನೆ: ನನ್ನದು ಕಾಟನ್ ಪರದೆ, ನಾನೇ ಹೊಲಿದದ್ದು. ಹೊಲಿದಾಗ ಮೇಲಿನ ಪಟ್ಟಿ ನೆಟ್ಟಗೆ ನಿಂತಿತ್ತು. ಮೊದಲ ಸಲ ಒಗೆದ ಮೇಲೆ ಎರಡು ಪ್ಲೀಟ್‌ಗಳ ನಡುವಿನ ಜಾಗವೆಲ್ಲ ಉಬ್ಬಿ ಅಲೆ ಅಲೆಯಾಗಿದೆ. ಇಸ್ತ್ರಿ ಹಾಕಿದರೂ ಹೋಗುತ್ತಿಲ್ಲ. ಬಕ್ರಮ್ ಕಳಪೆ ಇರಬಹುದಾ?

ಪರದೆ ಟೈಲರ್: ಈಗಲೇ ಹಾಗನ್ನಬೇಡಿ. ಪಟ್ಟಿಯನ್ನು ಒತ್ತಿ ನೋಡಿ, ಬಕ್ರಮ್ ಇನ್ನೂ ಗಟ್ಟಿಯಿದೆಯಾ? ಹೊಲಿದದ್ದಾ, ಇಸ್ತ್ರಿಯಿಂದ ಅಂಟಿಸಿದ್ದಾ? ಪಟ್ಟಿಯ ಎರಡೂ ತುದಿ ಹೇಗಿದೆ?

ಸೂಜಿಮೊನೆ: ಬಕ್ರಮ್‌ಗೆ ಯಾಕೆ ದುಡ್ಡು ಹಾಕ್ತೀರಿ? ಹಳೇ ಎಕ್ಸ್‌ರೇ ಫಿಲ್ಮ್ ಪಟ್ಟಿ ಕತ್ತರಿಸಿ ಒಳಗೆ ಸೇರಿಸಿದರೆ ಆಯ್ತು ಅಂತ ಬೇರೆ ಗ್ರೂಪಿನಿಂದ ಬಂದಿದೆ.

ಪರದೆ ಟೈಲರ್: ದಯವಿಟ್ಟು ಬೇಡ. ಅದು ಪ್ಲಾಸ್ಟಿಕ್. ಪ್ಲೀಟ್ ಮಡಚಿದ ಕಡೆ ಗೆರೆ ಬಿದ್ದು ಮುರಿಯುತ್ತದೆ. ಸೂಜಿ ಚುಚ್ಚಿದ ಸಾಲಿನುದ್ದಕ್ಕೂ ಸೀಳುತ್ತದೆ. ಬಿಸಿ ಇಸ್ತ್ರಿ ಇಟ್ಟರೆ ಸುರುಟಿ, ಪಟ್ಟಿಯನ್ನೇ ಸೊಟ್ಟ ಮಾಡುತ್ತದೆ.

ಮಖ್ಮಲ್: ವೆಲ್ವೆಟ್‌ಗೆ ಇಸ್ತ್ರಿಯಿಂದ ಅಂಟುವ ಬಕ್ರಮ್ ಆಗುತ್ತಾ?

ಪರದೆ ಟೈಲರ್: ಇಲ್ಲ. ಅಂಟಬೇಕಾದರೆ ಬಿಸಿಯೂ ಬೇಕು, ಒತ್ತಡವೂ ಬೇಕು. ಅಷ್ಟರಲ್ಲಿ ವೆಲ್ವೆಟ್‌ನ ರೋಮ ಮಲಗಿಬಿಡುತ್ತದೆ. ಹೊಲಿಯುವ ಬಕ್ರಮ್ ಹಾಕಿ.

ಕಿಟಕಿಮನೆ: ನೋಡಿದೆ ಸರ್. ಬಕ್ರಮ್ ಗಟ್ಟಿಯಾಗಿಯೇ ಇದೆ. ಪಾಲಿಯೆಸ್ಟರ್‌ದು, ಹೊಲಿದದ್ದು. ತುದಿಯಲ್ಲಿ ಮಾತ್ರ ಬಕ್ರಮ್ ಪಕ್ಕದ ಮಡಿಕೆಗೆ ಒತ್ತಿಕೊಂಡು ಮಡಚಿಹೋಗಿದೆ. ಬಟ್ಟೆಯನ್ನು ಮೊದಲು ಒಗೆದಿರಲಿಲ್ಲ.

ಪರದೆ ಟೈಲರ್: ಆ ತುದಿಯೇ ಉತ್ತರ ಹೇಳುತ್ತಿದೆ. ಬಕ್ರಮ್ ಕೆಟ್ಟಿಲ್ಲ, ಬಟ್ಟೆ ಕುಗ್ಗಿದೆ. ಒಗೆಯದ ಕಾಟನ್ ಮೊದಲ ನೀರಿಗೆ ನೂರು ಸೆಂಟಿಮೀಟರಿಗೆ ಮೂರು ಸೆಂಟಿಮೀಟರ್ ಹೋಗುವುದು ಮಾಮೂಲು. ಪಾಲಿಯೆಸ್ಟರ್ ಬಕ್ರಮ್ ಕುಗ್ಗುವುದಿಲ್ಲ. ಚಿಕ್ಕದಾದ ಚೀಲದೊಳಗೆ ಉದ್ದ ಪಟ್ಟಿ ಸಿಕ್ಕಿಕೊಂಡರೆ ಉಬ್ಬಲೇಬೇಕು, ಅಲ್ವಾ? ಪ್ಲೀಟ್‌ನಲ್ಲಿ ಹೊಲಿಗೆ ಹಿಡಿದಿಟ್ಟಿದೆ, ಅದಕ್ಕೇ ನಡುವಿನ ಜಾಗದಲ್ಲಿ ಎದ್ದಿದೆ. ಇಸ್ತ್ರಿಯಿಂದ ಇದು ಹೋಗುವುದಿಲ್ಲ.

ಪ್ಲೀಟ್ ಹೊಲಿಗೆ ಪೂರ್ತಿ ಬಿಚ್ಚಿ. ಬಕ್ರಮ್ ಹೊರಗೆ ತೆಗೆದು ಬಟ್ಟೆಯನ್ನು ಮಾತ್ರ ಇಸ್ತ್ರಿ ಮಾಡಿ, ಅಗಲ ಮತ್ತೆ ಅಳೆಯಿರಿ. ಎರಡೂ ಪಕ್ಕದಲ್ಲಿ ಒಂದೊಂದು ಸೆಂಟಿಮೀಟರ್ ಕಡಿಮೆ ಬರುವಂತೆ ಬಕ್ರಮ್ ಕತ್ತರಿಸಿ. ಬಟ್ಟೆಯನ್ನು ಅದರ ಮೇಲೆ ಎರಡು ಸುತ್ತು ಮಡಚಿ, ಕತ್ತರಿಸಿದ ಅಂಚು ಒಳಗೆ ಹೋಗಲಿ. ನಡುವಿನ ಜಾಗದ ಅಳತೆ ಮುಟ್ಟಬೇಡಿ, ಪ್ಲೀಟ್‌ನಲ್ಲೇ ಕಡಿಮೆ ಮಾಡಿ. ಮಡಚದ ಬಟ್ಟೆ 250 ಸೆಂಟಿಮೀಟರ್ ಇದ್ದದ್ದು 242 ಆಗಿದ್ದರೆ, ಹತ್ತು ಪ್ಲೀಟ್‌ನಲ್ಲಿ ಒಂದೊಂದಕ್ಕೆ 8 ಮಿಲಿಮೀಟರ್ ಕಡಿಮೆ ಹಿಡಿಯಿರಿ. ಒಂದು ಪ್ಲೀಟ್‌ಗೆ 15 ಸೆಂಟಿಮೀಟರ್ ಹಿಡಿದಿದ್ದರೆ ಅದು 14.2 ಆಗುತ್ತದೆ, ಕಣ್ಣಿಗೆ ಗೊತ್ತೇ ಆಗಲ್ಲ. ಪರದೆ ಮೊದಲಿನಷ್ಟೇ ಅಗಲಕ್ಕೆ ನಿಲ್ಲುತ್ತದೆ.

ಹೊಲಿಯುವಾಗ ಟಾಕು ಉದ್ದ ಇರಲಿ, ಮೂರೂವರೆಯಿಂದ ನಾಲ್ಕು ಮಿಲಿಮೀಟರ್. ಸಣ್ಣ ಟಾಕು ಹಾಕಿದರೆ ಬಕ್ರಮ್ ಜರಡಿಯಾಗುತ್ತದೆ. ಸೂಜಿ 16ನೇ ನಂಬರ್. ಪ್ಲೀಟ್‌ನ ಹೊಲಿಗೆ ಪಟ್ಟಿಯ ಮೇಲಿನ ಅಂಚಿನಿಂದ ಬಕ್ರಮ್‌ನ ಕೆಳ ಅಂಚಿನವರೆಗೆ ಬರಲಿ. ಎರಡೂ ಕಡೆ ಹಿಂದೆ ಮುಂದೆ ಹೊಲಿದು ಭದ್ರ ಮಾಡಿ. ಆಮೇಲೆ ಅದನ್ನು ಮೂರು ಮಡಿಕೆ ಮಾಡಿ, ಬಕ್ರಮ್‌ನ ಕೆಳ ಅಂಚಿನ ಹತ್ತಿರ ಕೈಯಲ್ಲಿ ಗಟ್ಟಿ ಟಾಕು ಹಾಕಿ. ಅದಕ್ಕಿಂತ ಕೆಳಗೆ ಹಾಕಿದರೆ ಪ್ಲೀಟ್ ಬಾಯಿ ಬಿಡುತ್ತದೆ.

ಉದ್ದವೂ ಕುಗ್ಗಿರುತ್ತದೆ. ಕೆಳಗಿನ ಮಡಿಕೆಯಲ್ಲಿ ಬಟ್ಟೆ ಬಿಟ್ಟಿದ್ದರೆ ಬಿಚ್ಚಿಕೊಳ್ಳಬಹುದು.

ಕಿಟಕಿಮನೆ: ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಈ ವಾರವೇ ಬಿಚ್ಚುತ್ತೇನೆ.

ನೂಲುಗಾರ: ಪಾಲಿಯೆಸ್ಟರ್ ಹಾಕಿದ್ದೇ ತಪ್ಪು. ಗಂಜಿ ಹಾಕಿದ ಕಾಟನ್ ಬಕ್ರಮ್ ಆಗಿದ್ದರೆ ಬಟ್ಟೆ ಜೊತೆ ಅದೂ ಕುಗ್ಗುತ್ತಿತ್ತು.

ಬಾಬಿನ್: ಕುಗ್ಗುತ್ತಿತ್ತು, ಜೊತೆಗೆ ಗಂಜಿ ಕರಗಿ ಪಟ್ಟಿ ಜೋತು ಬೀಳುತ್ತಿತ್ತು.

ನೂಲುಗಾರ: ನಮ್ಮ ಮನೆಯಲ್ಲಿ ಬಿದ್ದಿಲ್ಲ.

ಬಾಬಿನ್: ನಿಮ್ಮ ಮನೆಯಲ್ಲಿ ಪರದೆ ಒಗೆದಿದ್ದೀರಾ ಮೊದಲು ಹೇಳಿ.

ನೂಲುಗಾರ: ಮಾತು ಸರಿಯಾಗಿ ಆಡಿ. ಹೊಲಿಗೆ ನಿಮಗೊಬ್ಬರಿಗೇ ಬರೋದಲ್ಲ.

ಸೂಜಿಮೊನೆ: ಜಗಳ ಯಾಕೆ? ಗಂಜಿ ಹೋದರೆ ಪಟ್ಟಿಗೆ ಮೈದಾ ಅಂಟು ಬಳಿದು ಒಣಗಿಸಿ. ಇದೂ ಫಾರ್ವರ್ಡ್ ಬಂದಿದೆ.

ಪರದೆ ಟೈಲರ್: ಸೂಜಿಮೊನೆ ಅವರೇ, ಬಂದದ್ದನ್ನೆಲ್ಲ ಇಲ್ಲಿ ಹಾಕಬೇಡಿ. ಮೈದಾ ಅಂಟಿಗೆ ಹುಳ ಬರುತ್ತದೆ, ಬಟ್ಟೆಯಲ್ಲಿ ಕಲೆ ನಿಲ್ಲುತ್ತದೆ. ನಂಬಿ ಬಳಿದವರ ಪರದೆ ಹಾಳಾಗುತ್ತದೆ.

ನೂಲುಗಾರ, ಬಾಬಿನ್, ಇಬ್ಬರೂ ಕೇಳಿ. ಡ್ರೈ ಕ್ಲೀನ್‌ಗೆ ಮಾತ್ರ ಹೋಗುವ ಪರದೆಗೆ ಗಂಜಿಯ ಬಕ್ರಮ್ ನಡೆಯುತ್ತದೆ. ಮನೆಯಲ್ಲಿ ಒಗೆಯುವುದಕ್ಕೆ ಬೇಡ. ಸಂಶಯ ಇದ್ದರೆ ಒಂದು ಗೇಣು ತುಂಡನ್ನು ಅಳೆದು, ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಣಗಿಸಿ, ಮತ್ತೆ ಅಳೆಯಿರಿ. ಮೆತ್ತಗಾದರೆ ಅಥವಾ ಚಿಕ್ಕದಾದರೆ ಪರದೆಯೊಳಗೂ ಹಾಗೇ ಆಗುತ್ತದೆ.

ತೆಳುಪರದೆ: ಒಳಗಿನದು ಕಾಣುವಂಥ ತೆಳು ಬಟ್ಟೆಗೆ ಏನು ಹಾಕಲಿ? ಬಿಳಿ ಬಕ್ರಮ್ ಎದ್ದು ಕಾಣುತ್ತಿದೆ.

ಪರದೆ ಟೈಲರ್: ಪಾರದರ್ಶಕ ನೈಲಾನ್ ಪಟ್ಟಿ ಸಿಗುತ್ತದೆ. ಅದು. ಇಸ್ತ್ರಿ ತಾಗಿಸಬೇಡಿ.

ಹೊಸಮನೆ: ರಿಂಗ್ ಹಾಕುವ ಪರದೆಗೂ ಇದೇ ಬಕ್ರಮ್ಮಾ? ರಿಂಗ್ ಎಷ್ಟು ದೂರಕ್ಕೆ?

ನೂಲುಗಾರ: ನೆನೆಸಿ ನೋಡೋಕೆಲ್ಲ ಯಾರಿಗೆ ಪುರುಸೊತ್ತಿದೆ?

ಬಾಬಿನ್: ಬಿಚ್ಚಿ ಮತ್ತೆ ಹೊಲಿಯೋಕೆ ಪುರುಸೊತ್ತು ಇರುತ್ತಾ?

ಹೊಸಮನೆ: ಯಾರಾದರೂ ನನ್ನ ಪ್ರಶ್ನೆ ನೋಡ್ತೀರಾ?

ಚಿನ್ನದದಾರ: ಸರ್, ಬಕ್ರಮ್ ಎಷ್ಟು ಇಂಚು ತಗೋಬೇಕು?

ಪರದೆ ಟೈಲರ್: ಮೊದಲ ಉತ್ತರ ಓದಿ.