ಫೋನ್ ಅಕ್ಕಿ ಡಬ್ಬದಲ್ಲಿ, ಮಂತ್ರಿ ತಿರುವನಂತಪುರದಲ್ಲಿ

ಸಂಕದ (ತೋಡಿನ ಸಣ್ಣ ಸೇತುವೆಯ) ದಾರಿ ನಿವಾಸಿಗಳು, ಕೇರಳದ ಕಾಸರಗೋಡಿನ ಕನ್ನಡಿಗರ ವಾಟ್ಸಾಪ್ ಗುಂಪು, 2021 ಅಕ್ಟೋಬರ್ 19, ಮಂಗಳವಾರ

ಕೆಳಗಿನ ಮನೆ ಅಕ್ಕ, ಬೆಳಿಗ್ಗೆ 6.12
ಯಾರು ಓದ್ತೀರೋ ಬಿಡ್ತೀರೋ ನಂಗೆ ಹೇಳ್ಲೇಬೇಕು. ನಿನ್ನೆ ಏಳೂವರೆಗೆ ಸಿಡಿಲಿಗೆ ಕರೆಂಟು ಹೋಯ್ತು, ಕರೆಂಟು ಹೋದ್ರೆ ನಮ್ಮ ಟವರೂ ಸತ್ತ ಹಾಗೆ, ಅದು ಎಲ್ಲರಿಗೂ ಗೊತ್ತುಂಟು. ಮಗಳಿಗೆ ಎಂಟಕ್ಕೆ ಫೋನಲ್ಲಿ ಗಣಿತದ ಗೂಗಲ್ ಮೀಟ್ ಕ್ಲಾಸು, ಹತ್ತನೇ ಕ್ಲಾಸು, ಬಿಡ್ಲಿಕ್ಕಾಗ್ತದಾ? ಕೊಡೆ ಹಿಡ್ಕೊಂಡು ಗುಡ್ಡೆ ಕಟ್ಟೆಗೆ ಹೋದ್ಲು, ಅಲ್ಲಿ ಆಚೆ ಊರಿನ ಟವರು ಎರಡು ಕಡ್ಡಿ ಸಿಗ್ತದಲ್ಲ ಹಾಗೆ. ಒಂಬತ್ತಕ್ಕೆ ವಾಪಸ್ ಬರುವಾಗ ಐದಾರು ನಾಯಿ ಒಟ್ಟಿಗೆ ಅಟ್ಟಿಸ್ಕೊಂಡು ಬಂದು ಓಡಿದ್ದಾಳೆ, ಸಂಕದಲ್ಲಿ ಆ ಅಲುಗಾಡುವ ಚಪ್ಪಡಿ ಉಂಟಲ್ಲ ಅದೇ, ಕಾಲು ಸಂದಿಗೆ ಹೋಗಿ ಮೊಣಗಂಟಿನ ಚರ್ಮ ಎದ್ದಿದೆ, ಫೋನು ತೋಡಿಗೆ. ಯಜಮಾನ್ರು ಟಾರ್ಚ್ ಹಿಡ್ದು ಅರ್ಧ ಗಂಟೆ ಹುಡುಕಿ ಕೇದಗೆ ಬುಡದಲ್ಲಿ ಸಿಕ್ಕಿದ್ದು. ಹನ್ನೊಂದು ಸಾವಿರದ್ದು, ಇನ್ನೂ ನಾಲ್ಕು ಕಂತು ಬಾಕಿ ಉಂಟು. ಈಗ ಅಕ್ಕಿ ಡಬ್ಬದಲ್ಲಿ ಹಾಕಿದ್ದೇನೆ, ಇದು ಯಜಮಾನ್ರ ಫೋನಿಂದ.

ದಾರಿದೀಪ ಹೋಗಿ ಮೂರು ತಿಂಗಳಾಯ್ತು. ಚಪ್ಪಡಿ ಯಾವಾಗಿಂದ ಅಲುಗಾಡ್ತಾ ಉಂಟು ಅಂತ ಜೆಸಿಬಿ ತರಿಸಿದವರನ್ನೇ ಕೇಳಿ. ಕೊರೊನಾಕ್ಕೆ ಮುಚ್ಚಿದ ಶಾಲೆ ನವೆಂಬರ್ ಒಂದಕ್ಕೆ ಶುರು ಅಂತ ಶಿಕ್ಷಣ ಮಂತ್ರಿ ಹೇಳಿ ಆಯ್ತು. ಹದಿಮೂರು ದಿನ. ನಮ್ಮ ದಾರಿಯ ಮಕ್ಕಳೇ ಇಪ್ಪತ್ತಮೂರು ಜನ ಆ ಸಂಕ ದಾಟ್ಬೇಕು. ಎಂತ ಮಾಡುದು ಹೇಳಿ.

ಅಂಗಡಿ ಶೆಟ್ರು, 6.31
ಅಯ್ಯೋ ದೇವರೇ. ಮಗು ಹೇಗುಂಟು ಈಗ? ಟಿಟಿ ಹಾಕಿಸಿ, ತಡ ಮಾಡ್ಬೇಡಿ

ಆಟೋ ಅಣ್ಣ, 6.33
ಯಾವ ಅಕ್ಕಿ ಅಕ್ಕಾ, ಕುಚ್ಚಲಾ ಬೆಳ್ತಿಗೆಯಾ?

ಕೆಳಗಿನ ಮನೆ ಅಕ್ಕ, 6.34
ಕುಚ್ಚಲು. ಮನೇಲಿ ಅದೇ ಇರುದು.

ಆಟೋ ಅಣ್ಣ, 6.34
ಹೋಯ್ತು. ಬೆಳ್ತಿಗೆ ಬೇಕಿತ್ತು. ಕುಚ್ಚಲು ಮೊದಲೇ ಒಮ್ಮೆ ಬೆಂದು ನೀರು ಕುಡಿದದ್ದಲ್ವಾ, ಇನ್ನೆಲ್ಲಿ ಎಳೀತದೆ

ಮೇಲಿನ ಮನೆ ಭಟ್ರು, 7.02
ಜೆಸಿಬಿ ವಿಷಯ ಬಂದದ್ದಕ್ಕೆ ಹೇಳ್ತೇನೆ. ಜೆಸಿಬಿ ಬಂದದ್ದು ಹೌದು, ನಮ್ಮ ಬರೆ (ಮಣ್ಣಿನ ದಿಬ್ಬ) ಜರಿದಾಗ. ಸಂಕದ ಮೇಲೆ ಹೋಗ್ಲಿಲ್ಲ, ತೋಡಿಗೆ ಇಳಿದೇ ದಾಟಿದ್ದು, ನೋಡಿದವರು ಇದೇ ಗುಂಪಲ್ಲಿದ್ದಾರೆ, ಈಗ ಬಾಯಿ ಬಿಡುದಿಲ್ಲ. ಚಪ್ಪಡಿ ಅಲುಗಾಡಿಸಿದ್ದು ಕಳೆದ ವರ್ಷ ಕೆಂಪುಕಲ್ಲಿನ ಪಿಕಪ್. ಕಲ್ಲು ಯಾರ ಮನೆಗೆ ಹೋಯ್ತು ಅಂತ ನಾನು ಹೇಳುದಿಲ್ಲ.

ಶಾರ್ಜಾ ಇಚ್ಚ, 7.05
ಹೇಳಿ ಭಟ್ರೆ, ನನ್ನ ಮನೆಗೇ ಹೋಯ್ತು. ಪಿಕಪ್ ಬಂದದ್ದು ಹಿಂದಿನ ದಾರಿಯಲ್ಲಿ. ಇಲ್ಲಿ ಕೂತು ಸಿಸಿಟಿವಿಯಲ್ಲಿ ನಾನು ನೋಡಿದ್ದೇನೆ.

ರಿಟೈರ್ಡ್ ಮಾಷ್ಟ್ರು, 7.20
ಎಲ್ಲರೂ ಚಪ್ಪಡಿ ಚಪ್ಪಡಿ ಅಂತೀರಿ, ಮೂಲ ಯಾರೂ ನೋಡುದಿಲ್ಲ. ಆ ಮಗು ರಾತ್ರಿ ಗುಡ್ಡೆ ಹತ್ತಿದ್ದು ಯಾಕೆ? ಮಲಯಾಳದ ಮಕ್ಕಳು ಮನೆಯಲ್ಲಿ ಟಿವಿ ಹಾಕಿ ಸರಕಾರದ ವಿಕ್ಟರ್ಸ್ ಚಾನೆಲಿನಲ್ಲಿ ಕ್ಲಾಸು ನೋಡ್ತಾರೆ, ನೆಟ್ಟು ಬೇಡ, ಟವರು ಬೇಡ. ನಮ್ಮ ದಾರಿಯಲ್ಲಿ ಎಲ್ಲರದ್ದೂ ಡಿಶ್ಶು, ಕನ್ನಡದ ಕ್ಲಾಸು ಅದರಲ್ಲಿ ಬರುದಿಲ್ಲ, ಯೂಟ್ಯೂಬೇ ಗತಿ. 2020 ಅಕ್ಟೋಬರ್ 12ಕ್ಕೆ ಶಾಲಾ ಶಿಕ್ಷಣದಲ್ಲಿ ಕೇರಳ ದೇಶದಲ್ಲೇ ಮೊದಲ ಸಂಪೂರ್ಣ ಡಿಜಿಟಲ್ ರಾಜ್ಯ ಅಂತ ಘೋಷಣೆ ಮಾಡಿದ್ರು, ವರ್ಷ ಒಂದು ಕಳೀತು, ನಮ್ಮ ಡಿಜಿಟಲ್ಲು ಗುಡ್ಡೆ ಕಟ್ಟೆಯಲ್ಲಿ ಕೊಡೆ ಹಿಡ್ಕೊಂಡು ಕೂತಿದೆ. ಇದೆಲ್ಲ ಇಂದಿನದ್ದಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956 ನವೆಂಬರ್ 1ರಿಂದ ಶುರುವಾದದ್ದು. ಗಡಿ ವಿಷಯದ ಮಹಾಜನ್ ವರದಿ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಇರುದನ್ನು

ರಿಟೈರ್ಡ್ ಮಾಷ್ಟ್ರು, 7.21
ಕೈ ತಾಗಿ ಹೋಯ್ತು. ಮುಂದೆ ಬರೀತೇನೆ.

ಆಟೋ ಅಣ್ಣ, 7.22
ಮಾಷ್ಟ್ರೆ 67ರಿಂದ 2021ಕ್ಕೆ ಬರುವಾಗ ಮಧ್ಯಾಹ್ನ ಆಗ್ತದೆ, ನಾನು ಒಂದು ಬಾಡಿಗೆ ಮುಗಿಸಿ ಬರ್ತೇನೆ 😄

ಮೂಲೆ ಮನೆ, 7.40
*ಫಾರ್ವರ್ಡ್ ಆಗಿದೆ*
ಬ್ರೇಕಿಂಗ್!! ಅ. 25ರಿಂದ 1ರಿಂದ 5ನೇ ತರಗತಿ ಆರಂಭ! ಸರಕಾರದ ಅಧಿಕೃತ ಆದೇಶ!! ಎಲ್ಲ ಹೆತ್ತವರಿಗೂ ತಲುಪಿಸಿ 🙏🙏

ಬಾವಿಕಟ್ಟೆ ಅಕ್ಕ, 7.43
25ಕ್ಕಾ?? ಇನ್ನು ಆರು ದಿನ! ಸಣ್ಣವನಿಗೆ ಚಡ್ಡಿ ಒಂದೂ ಆಗುದಿಲ್ಲ, ಎಲ್ಲ ಮೊಣಗಂಟಿನ ಮೇಲೆ ಬಂದಿದೆ

ಟೀಚರಕ್ಕ, 7.45
ಅದು ಕರ್ನಾಟಕದ್ದು. ಅಲ್ಲಿಯ ಶಿಕ್ಷಣ ಮಂತ್ರಿ ಬಿ.ಸಿ. ನಾಗೇಶ್, ಆಗಸ್ಟಿನಲ್ಲಿ ಬಂದವರು. ನಮ್ಮ ಮಂತ್ರಿ ವಿ. ಶಿವನ್‌ಕುಟ್ಟಿ. ನಮಗೆ ನವೆಂಬರ್ ಒಂದೇ. ದಯವಿಟ್ಟು ತಲಪಾಡಿ ಗಡಿಯ ಆಚೆಯ ಸುದ್ದಿ ಇಲ್ಲಿ ಹಾಕ್ಬೇಡಿ, ಪ್ರತಿ ಸಲ ನಂಗೇ ಫೋನ್ ಬರುದು.

ಮೂಲೆ ಮನೆ, 7.46
ಕನ್ನಡದಲ್ಲಿ ಇತ್ತು, ನಮ್ಮದೇ ಅಂತ ಮಾಡಿದೆ

ಆಟೋ ಅಣ್ಣ, 7.47
ಸುದ್ದಿ ಆಚೆಯಿಂದ ಬರ್ಲಿಕ್ಕೆ ಕೊರೊನಾದ ಆರ್‌ಟಿಪಿಸಿಆರ್ ಟೆಸ್ಟು ಬೇಡ, ನಮಗೆ ಆಚೆ ಹೋಗ್ಲಿಕ್ಕೆ ಮಾತ್ರ ಬೇಕು

ಅಡ್ಮಿನ್, 8.10
ಎಲ್ಲರಿಗೂ ನಮಸ್ಕಾರ. ನಬಿದಿನದ ಶುಭಾಶಯ. ವಿಷಯಕ್ಕೆ ಬನ್ನಿ. ಟೀಚರಕ್ಕ, ಈ ಹೊಸ ಮಂತ್ರಿ ಎಂತೆಲ್ಲ ಮಾಡಿದ್ದಾರೆ, ಮುಂದೆ ಎಂತ ಮಾಡ್ತಾರೆ, ಒಂದು ಸಣ್ಣದಾಗಿ ಹೇಳಿ. ಮನವಿ ಕೊಡುದಾದ್ರೆ ಅವರಿಗೇ ಕೊಡುವ.

ಟೀಚರಕ್ಕ, 8.34
ಮೇ 20ಕ್ಕೆ ಪ್ರಮಾಣ ವಚನ, ಐದು ತಿಂಗಳಾಯ್ತು. ಹಿಂದೆ ಇದ್ದದ್ದು ರವೀಂದ್ರನಾಥ್ ಮಾಷ್ಟ್ರು, ಕಾಲೇಜಲ್ಲಿ ಪಾಠ ಮಾಡಿದವರು. ಇವರು ಪೂರ್ತಿ ರಾಜಕೀಯದ ಮನುಷ್ಯ, ತಿರುವನಂತಪುರದ ಮೇಯರ್ ಆಗಿದ್ದವರು, ಕಾರ್ಮಿಕ ಇಲಾಖೆಯೂ ಇವರಲ್ಲೇ. ಬರುವಾಗಲೇ ಶಾಲೆ ಎಲ್ಲ ಬಂದ್. ಎಸ್ಸೆಸ್ಸೆಲ್ಸಿ ರಿಸಲ್ಟು ಜುಲೈಯಲ್ಲಿ, 99.47 ಪರ್ಸೆಂಟ್, ಎಲ್ಲದಕ್ಕೂ ಎ ಪ್ಲಸ್ ಬಂದವರೇ ಒಂದು ಲಕ್ಷದ ಇಪ್ಪತ್ತೊಂದು ಸಾವಿರ ಚಿಲ್ಲರೆ, ಹಿಂದಿನ ವರ್ಷ ಅದು ನಲವತ್ತೆರಡು ಸಾವಿರವೂ ಇರ್ಲಿಲ್ಲ. ಪ್ಲಸ್ ಒನ್ (ಹನ್ನೊಂದನೇ ಕ್ಲಾಸು) ಪರೀಕ್ಷೆ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ಬಿದ್ದು ಆಮೇಲೆ ಒಪ್ಪಿಗೆ ಸಿಕ್ಕಿ ಸೆಪ್ಟೆಂಬರ್ 24ಕ್ಕೆ ಶುರುವಾಯ್ತು, ನಿನ್ನೆ ಮುಗೀಬೇಕಿತ್ತು, ಮಳೆಗೆ ಮುಂದೆ ಹೋಯ್ತು. ಫೋನ್ ಲ್ಯಾಪ್‌ಟಾಪ್ ಇಲ್ಲದ ಮಕ್ಕಳಿಗೆ ಕೊಡ್ಲಿಕ್ಕೆ ವಿದ್ಯಾಕಿರಣ ಅಂತ ಯೋಜನೆ ಮಾಡಿದ್ದಾರೆ, ದಾನಿಗಳಿಂದ ಒಟ್ಟು ಮಾಡಿ. ಮುಂದೆ ಪಠ್ಯಕ್ರಮ ಬದಲಾಯಿಸುವ ಮಾತೂ ಉಂಟು.

ಶಾಲೆ ವಿಷಯಕ್ಕೆ ಅ. 8ಕ್ಕೆ ಮಾರ್ಗಸೂಚಿ ಬಂದಿದೆ, ತಿರಿಕೆ ಸ್ಕೂಳಿಲೇಕ್ಕ್ (ಮರಳಿ ಶಾಲೆಗೆ) ಅಂತ. 1ರಿಂದ 7, 10 ಮತ್ತೆ 12 ನ. 1ಕ್ಕೆ, ಉಳಿದವರು 15ಕ್ಕೆ. ಬ್ಯಾಚ್ ಮಾಡಿ, ಮಧ್ಯಾಹ್ನದವರೆಗೆ ಮಾತ್ರ, ಹೆತ್ತವರ ಒಪ್ಪಿಗೆ ಪತ್ರ ಬೇಕು. ಯೂನಿಫಾರ್ಮ್ ಕಡ್ಡಾಯ ಅಲ್ಲ (ಬಾವಿಕಟ್ಟೆ ಅಕ್ಕ, ಚಡ್ಡಿ ಚಿಂತೆ ಬಿಡಿ). ಒಟ್ಟಿನಲ್ಲಿ ಮನುಷ್ಯ ಕೂತಿಲ್ಲ, ಓಡಾಡ್ತಿದ್ದಾರೆ, ಅದು ಒಪ್ಬೇಕು. ಆದ್ರೆ ಆ ಮಾರ್ಗಸೂಚಿ ನಂಗೆ ಬಂದದ್ದು ಮಲಯಾಳದಲ್ಲಿ, ಎರಡು ರಾತ್ರಿ ಕೂತು ಹೆತ್ತವರಿಗೆ ಕನ್ನಡ ಮಾಡಿದ್ದು ನಾನೇ.

ಬಾವಿಕಟ್ಟೆ ಅಕ್ಕ, 8.41
ನಮ್ಮ ದೊಡ್ಡವನಿಗೂ ಫುಲ್ ಎ ಪ್ಲಸ್. ಎರಡು ಅಲಾಟ್‌ಮೆಂಟ್ ಮುಗೀತು, ಪ್ಲಸ್ ಒನ್ ಸೀಟು ಇಲ್ಲ. ಊರಿಡೀ ಲಡ್ಡು ಹಂಚಿದ್ದೆ ನಾನು. ಈಗ ಎದುರು ಸಿಕ್ಕವರೆಲ್ಲ ಎಲ್ಲಿ ಸೇರಿದ ಅಂತ ಕೇಳ್ತಾರೆ. ಮನವಿಯಲ್ಲಿ ಸೀಟಿನ ವಿಷಯವೂ ಹಾಕಿ.

ಅಡ್ಮಿನ್, 8.50
ಸರಿ. ಮನವಿಯಲ್ಲಿ ಇಷ್ಟು: ಕನ್ನಡ ಕ್ಲಾಸು ಟಿವಿಯಲ್ಲಿ ಎಲ್ಲರಿಗೂ ಸಿಗುವ ಹಾಗೆ ಮಾಡ್ಬೇಕು, ಸುತ್ತೋಲೆ ಕನ್ನಡದಲ್ಲಿ ಬೇಕು, ಪ್ಲಸ್ ಒನ್ ಸೀಟು, ಸಂಕ, ದೀಪ. ಯಾರು ಬರೀತೀರಿ?

ರಿಟೈರ್ಡ್ ಮಾಷ್ಟ್ರು, 8.51
ನಾನು.

ಮೇಲಿನ ಮನೆ ಭಟ್ರು, 8.55
ಸಂಕ ಶಿಕ್ಷಣ ಮಂತ್ರಿಗೆ ಯಾಕೆ? ಅದು ಪಂಚಾಯತಿಗೆ. ಮಂತ್ರಿ ಬಂದು ಚಪ್ಪಡಿ ಎತ್ತಿ ಇಡ್ತಾರಾ?

ಕೆಳಗಿನ ಮನೆ ಅಕ್ಕ, 8.56
ಯಾರಾದ್ರೂ ಇಡಿ ಭಟ್ರೆ. ನೀವೇ ಇಟ್ರೂ ಆದೀತು.

ಶಾರ್ಜಾ ಇಚ್ಚ, 9.10
ಮನವಿ ಮಲಯಾಳದಲ್ಲಿ ಬರೆಯುವ, ನಾನು ಬರೆದು ಕೊಡ್ತೇನೆ. ಬೇಗ ಕೆಲಸ ಆಗ್ತದೆ.

ರಿಟೈರ್ಡ್ ಮಾಷ್ಟ್ರು, 9.11
ಆಗ್ಲಿಕ್ಕೇ ಇಲ್ಲ! ಕನ್ನಡದಲ್ಲಿ ಸುತ್ತೋಲೆ ಬೇಕು ಅಂತ ಮಲಯಾಳದಲ್ಲಿ ಕೇಳುದಾ? ಸಂವಿಧಾನದ 350ನೇ ವಿಧಿ ಓದಿ, ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲೂ ಅಹವಾಲು ಕೊಡ್ಬಹುದು. ನಮ್ಮ ಮಂಜೇಶ್ವರದ ಶಾಸಕ ಅಶ್ರಫ್ ವಿಧಾನಸಭೆಯಲ್ಲೇ ಕನ್ನಡದಲ್ಲಿ ಪ್ರಮಾಣ ವಚನ ತಗೊಂಡ್ರು, ನಿಮಗೆ ಒಂದು ಅರ್ಜಿ ಬರೀಲಿಕ್ಕೆ ನಾಚಿಕೆಯಾ?

ಶಾರ್ಜಾ ಇಚ್ಚ, 9.14
ನಾಚಿಕೆ ಅಲ್ಲ ಮಾಷ್ಟ್ರೆ. ನಾನೂ ನಿಮ್ಮ ಕೈಯಲ್ಲೇ ಕನ್ನಡ ಕಲಿತದ್ದು, ಪೆಟ್ಟೂ ತಿಂದಿದ್ದೇನೆ. ಹಕ್ಕು ಸರಿ. ಅಲ್ಲಿ ಮೇಜಿನಲ್ಲಿ ಕೂತವನಿಗೆ ಓದ್ಲಿಕ್ಕೆ ಬಾರದಿದ್ರೆ ಕಾಗದ ಅಡಿಗೆ ಹೋಗ್ತದೆ, ಅಷ್ಟೇ ನಾನು ಹೇಳುದು.

ರಿಟೈರ್ಡ್ ಮಾಷ್ಟ್ರು, 9.15
ಹಾಗಾದ್ರೆ ಓದ್ಲಿಕ್ಕೆ ಬರುವವನನ್ನು ಕೂರಿಸ್ಲಿ! ಕನ್ನಡ ಮಕ್ಕಳಿಗೆ ಪಾಠ ಮಾಡ್ಲಿಕ್ಕೆ ಕನ್ನಡ ಬಾರದವರನ್ನು ಕಳಿಸ್ತಾರೆ, ಅದಕ್ಕೆ ಎಷ್ಟು ಸಲ ಗೇಟಿನ ಹೊರಗೆ ಕೂತಿಲ್ಲ ನಾವು? ಜೂನಿನಲ್ಲಿ ಕನ್ನಡದ ಊರ ಹೆಸರು ಮಲಯಾಳ ಮಾಡ್ತಾರೆ ಅಂತ ಗಲಾಟೆ ಆಗುವಾಗಲೂ ನಾನು ಇದನ್ನೇ ಹೇಳಿದ್ದು.

ಟೀಚರಕ್ಕ, 9.18
ಹೆಸರು ಬದಲಾಯಿಸುದಿಲ್ಲ ಅಂತ ಸರಕಾರ ಹೇಳಿ ಆಯ್ತಲ್ಲ ಮಾಷ್ಟ್ರೆ, ಈಗ ಅದು ಬೇಡ. ಎರಡೂ ಭಾಷೆಯಲ್ಲಿ ಕೊಡುವ. ಮೇಲೆ ಕನ್ನಡ, ಕೆಳಗೆ ಮಲಯಾಳ.

ಆಟೋ ಅಣ್ಣ, 9.19
ಮೇಲೆ ಯಾವುದು ಕೆಳಗೆ ಯಾವುದು ಅಂತ ಒಂದು ಕಮಿಟಿ ಮಾಡುವ

ಮೂಲೆ ಮನೆ, 9.40
*ಫಾರ್ವರ್ಡ್ ಆಗಿದೆ*
ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿಗೆ ಜೀರಿಗೆ ಹಾಕಿ ಕುಡಿದರೆ ಆಗುವ 12 ಲಾಭಗಳು

ರಿಟೈರ್ಡ್ ಮಾಷ್ಟ್ರು, 11.26
ಮನವಿಯ ಮೊದಲ ಎರಡು ಪುಟ ಫೋಟೋ ಹಾಕಿದ್ದೇನೆ. ಎಲ್ಲರೂ ಓದಿ ಅಭಿಪ್ರಾಯ ತಿಳಿಸಿ. ಒಟ್ಟು ಆರು ಪುಟ ಆಗಬಹುದು.

ಟೀಚರಕ್ಕ, 11.50
ಓದಿದೆ ಮಾಷ್ಟ್ರೆ, ಅಕ್ಷರ ಮುತ್ತಿನ ಹಾಗೆ ಉಂಟು. ಎರಡನೇ ಪುಟದ ಕೊನೆಗೆ 1967 ಆಗ್ತದೆ. ಸಂಕ ಎಷ್ಟನೇ ಪುಟಕ್ಕೆ?

ರಿಟೈರ್ಡ್ ಮಾಷ್ಟ್ರು, 11.52
ಹಿನ್ನೆಲೆ ಇಲ್ಲದೆ ಸಂಕ ಅರ್ಥ ಆಗುದಿಲ್ಲ.

ಅಂಗಡಿ ಶೆಟ್ರು, ಮಧ್ಯಾಹ್ನ 12.15
ನಾನು ಒಂದು ಹೇಳ್ಲಾ. ಮನವಿ ಹೋಗುವಾಗ ಹೋಗ್ಲಿ. ಬಲ್ಬು ನನ್ನ ಅಂಗಡಿಯಲ್ಲುಂಟು, ಕಂಬಕ್ಕೆ ಹತ್ತುವವರು ಬೇಕು.

ಮೇಲಿನ ಮನೆ ಭಟ್ರು, 12.18
ಸುಮ್ಮನೆ ಹತ್ತಿದ್ರೆ ಕೇಸ್ ಆಗ್ತದೆ. ಲೈನ್‌ಮ್ಯಾನಿಗೆ ಹೇಳ್ಬೇಕು. ಮತ್ತೆ ಬಲ್ಬು ಹಾಕಿ ಎಂತ ಪ್ರಯೋಜನ, ನಾಯಿ ಬೆಳಕಲ್ಲೂ ಕಚ್ಚುದೇ. ನಾಯಿ ಯಾಕೆ ಸೇರ್ತದೆ ಅದು ನೋಡಿ. ತೋಡಿನ ಬದಿಗೆ ರಾತ್ರಿ ಕೋಳಿಯ ರೆಕ್ಕೆ ಪುಕ್ಕ ತಂದು ಎಸೆಯುದು ಯಾರು?

ಬಾವಿಕಟ್ಟೆ ಅಕ್ಕ, 12.20
ಹೌದು!! ಭಾನುವಾರ ನಮ್ಮ ಬಾವಿಯ ಹತ್ತಿರ ಒಂದು ಗೋಣಿ ಇತ್ತು. ವಾಸನೆಗೆ ಅನ್ನ ಇಳೀಲಿಲ್ಲ

ಶಾರ್ಜಾ ಇಚ್ಚ, 12.22
ನನ್ನ ಕ್ಯಾಮೆರಾದಲ್ಲಿ ಒಂದು ಬಿಳಿ ಓಮ್ನಿ ಉಂಟು, ರಾತ್ರಿ 1.40ಕ್ಕೆ. ನಂಬರ್ ಸರಿ ಕಾಣುದಿಲ್ಲ. ಹಾಕ್ತೇನೆ

ಮೂಲೆ ಮನೆ, 12.24
ಆ ಓಮ್ನಿ ನಂಗೆ ಗೊತ್ತುಂಟು!! ಕಾಲ್ ಮಾಡ್ತೇನೆ, ಇಲ್ಲಿ ಬರೀಲಿಕ್ಕೆ ಆಗುದಿಲ್ಲ

ಅಡ್ಮಿನ್, 12.30
ಕೋಳಿ ವಿಷಯ ಮೊದಲು ನೋಡುವ. ಇವತ್ತು ರಜೆ, ಗಂಡಸರೆಲ್ಲ ರಾತ್ರಿ ಹನ್ನೊಂದಕ್ಕೆ ಶೆಟ್ರ ಅಂಗಡಿ ಹತ್ತಿರ ಸೇರಿ, ಎರಡೆರಡು ಜನ ಕಾಯುವ. ಬರುವವರು ಹೆಸರು ಹಾಕಿ.

ಆಟೋ ಅಣ್ಣ, 12.31
ನಾನು

ಮೇಲಿನ ಮನೆ ಭಟ್ರು, 12.31
ನಾನು. ಚಾ ಯಾರು ಮಾಡುದು?

ಅಂಗಡಿ ಶೆಟ್ರು, 12.32
ಚಾ ನಂದು

ಬಾವಿಕಟ್ಟೆ ಅಕ್ಕ, 12.33
ಕಡ್ಲೆ ಬೇಯಿಸಿ ಕಳಿಸ್ತೇನೆ

ರಿಟೈರ್ಡ್ ಮಾಷ್ಟ್ರು, 1.05
ಮೂರನೇ ಪುಟ ಹಾಕಿದ್ದೇನೆ. ಯಾರೂ ನೋಡಿಲ್ಲ.

ಟೀಚರಕ್ಕ, ಸಂಜೆ 5.10
ಕೆಳಗಿನ ಮನೆ ಅಕ್ಕ, ಮಗಳಿಗೆ ಹೇಳಿ, ನಿನ್ನೆಯ ಗಣಿತ ಇವತ್ತು ಎಂಟಕ್ಕೆ ಇನ್ನೊಮ್ಮೆ ಮಾಡ್ತೇನೆ. ಗುಡ್ಡೆ ಹತ್ತುದು ಬೇಡ, ನಮ್ಮ ಮನೆಗೇ ಬರ್ಲಿ, ವಾಪಸ್ ನಾನು ಬಿಡ್ತೇನೆ.

ಕೆಳಗಿನ ಮನೆ ಅಕ್ಕ, 5.32
ಉಪಕಾರ ಆಯ್ತು ಟೀಚರೇ, ಕಳಿಸ್ತೇನೆ. ಸಂಕಕ್ಕೆ ಯಜಮಾನ್ರು ಈಗ ಎರಡು ಅಡಿಕೆ ಮರದ ಸಲಾಕೆ ಅಡ್ಡ ಹಾಕಿ ಬಳ್ಳಿಯಲ್ಲಿ ಕಟ್ಟಿದ್ದಾರೆ, ರಾತ್ರಿ ಕೋಳಿ ಕಾಯ್ಲಿಕ್ಕೆ ಬರುವವರು ಬಲಬದಿಯಲ್ಲಿ ನಡೀರಿ.

ಆಟೋ ಅಣ್ಣ, 5.34
ಫೋನ್ ಆನ್ ಆಯ್ತಾ ಅಕ್ಕಾ

ಕೆಳಗಿನ ಮನೆ ಅಕ್ಕ, 5.40
ಇಲ್ಲ. ಬೆಳ್ತಿಗೆಗೆ ಹಾಕಿದ್ದೇನೆ ಈಗ, ಶೆಟ್ರಲ್ಲಿಂದ ಒಂದು ಕೆಜಿ ತಂದು.