ಯೆರೆಮೀಯ 29:11 ನೋಡಿದರೆ ಈಗೀಗ ಸಿಟ್ಟು ಬರುತ್ತದೆ. ಏನು ಓದಲಿ?

ಬೆಟಗೇರಿ ಟೇಲರ್:

ಎಲ್ಲರಿಗೂ ವಂದನೆ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡ್ಕೋಬೇಡಿ.

ಅಪ್ಪನಿಗೆ ಲಕ್ವಾ ಹೊಡೆದು ವರ್ಷದ ಮೇಲಾಯಿತು. ಎಡಗೈ, ಎಡಗಾಲು ಎರಡೂ ಹೋಗಿದ್ದವು. ಕಾಲು ಒಂಚೂರು ಬಂದಿದೆ, ಕೋಲು ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಕೈ ಹಾಗೇ ಇದೆ. ಬೆರಳು ಸದಾ ಮಡಚಿಕೊಂಡಿರುತ್ತವೆ. ಉಗುರು ತೆಗೆಯಬೇಕಾದರೆ ಒಂದೊಂದೇ ಬೆರಳು ಬಿಡಿಸಿ ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕತ್ತರಿಸಬೇಕು. ಅಮ್ಮನಿಗೆ ಮಂಡಿನೋವು. ನಾನು ಮನೆಯಲ್ಲೇ ಬ್ಲೌಸ್, ಚೂಡಿದಾರ ಹೊಲಿಯುತ್ತೇನೆ. ಅಪ್ಪನ ಮಂಚ ಮಷೀನಿನ ಪಕ್ಕಕ್ಕೇ ಹಾಕಿದ್ದೇವೆ. ಗಿರಾಕಿ ಬಂದರೆ ಅಳತೆ ತೆಗೆಯೋಕೆ ಅಡುಗೆ ಮನೆಗೆ ಕರೆದುಕೊಂಡು ಹೋಗಬೇಕು. ಅದಕ್ಕೇ ಕೆಲವರು ಬರೋದು ಬಿಟ್ಟರು.

ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡ್ ಕೊಡುತ್ತಾರೆ. ತಟ್ಟೆಯಲ್ಲಿ ಮಗುಚಿ ಇಟ್ಟಿರುತ್ತಾರೆ, ಕೈಗೆ ಸಿಕ್ಕಿದ್ದು ಎತ್ತಿಕೊಳ್ಳಬೇಕು. ನನಗೆ ಬಂದದ್ದು ಯೆರೆಮೀಯ 29:11. ದೇವರು ನಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದಾನೆ ಅನ್ನುವ ವಾಕ್ಯ. ಅಮ್ಮನಿಗೆ ಖುಷಿಯೋ ಖುಷಿ. ಕನ್ನಡಿಗೆ ಅಂಟಿಸಿದಳು. ಈಗ ದಿನಾ ತಲೆ ಬಾಚುವಾಗ ಅದು ಕಣ್ಣಿಗೆ ಬೀಳುತ್ತದೆ, ಸಿಟ್ಟು ನೆತ್ತಿಗೇರುತ್ತದೆ. ಎಲ್ಲಿ ಹಿತ ಅಂತ ಕೇಳಬೇಕು ಅನ್ನಿಸುತ್ತದೆ. ಇದನ್ನು ಸ್ತ್ರೀಯರ ಕೂಟದಲ್ಲಿ ಹೇಳೋಕೆ ಧೈರ್ಯ ಇಲ್ಲ.

ಪ್ರಾರ್ಥನೆಗೆ ಅಂತ ಮನೆಗೆ ಬಂದ ಒಬ್ಬರು, ಈ ಮನೆಯಲ್ಲಿ ಯಾರದ್ದೋ ವಿಶ್ವಾಸ ಕಮ್ಮಿ ಇದೆ ಅಂದು ನನ್ನ ಮುಖ ನೋಡಿದರು. ಇನ್ನೊಬ್ಬರು, ಮಾತ್ರೆ ಬಿಟ್ಟು ದೇವರ ಮೇಲೆ ಭಾರ ಹಾಕಿ ಅಂದರು. ಅಪ್ಪ ಅದನ್ನು ಕೇಳಿಸಿಕೊಂಡಿದ್ದಾರೆ. ಈಗ ಬಿಪಿ ಮಾತ್ರೆ ಕೊಟ್ಟರೆ ಬಾಯಿ ಬಿಗಿ ಹಿಡಿಯುತ್ತಾರೆ.

ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ, ಫೋನ್ ತುಂಬಾ ಅವೇ ಇವೆ. ಇಂಥ ಕಾಲದಲ್ಲಿ ನೀವು ಬೈಬಲ್ ಹೇಗೆ ಓದಿದಿರಿ? ಎಲ್ಲಿಂದ ಶುರು ಮಾಡಲಿ? ನನ್ನ ಹತ್ತಿರ ಇರೋದು ಅಜ್ಜನ ಕಾಲದ ಸತ್ಯವೇದ.

ಸ್ತೋತ್ರ ಬ್ರದರ್:

ಸಿಸ್ಟರ್, ಯಾಕೋಬ 1:2-4 ಓದಿ. ಕಷ್ಟ ಬಂದಾಗ ಸಂತೋಷಪಡಬೇಕು. ಯೋಬನ ಹಾಗೆ ಸುಮ್ಮನೆ ತಾಳಿಕೊಳ್ಳಿ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿ. ಆಮೆನ್.

ರಿಟೈರ್ಡ್ ಫಿಟ್ಟರ್, ಹುಬ್ಬಳ್ಳಿ:

ಬ್ರದರ್, ಯೋಬ ಯಾವಾಗ ಸುಮ್ಮನಿದ್ದ? ಮೊದಲ ಎರಡು ಅಧ್ಯಾಯ ಸುಮ್ಮನಿದ್ದ, ನಿಜ. ಮೂರರಲ್ಲಿ ಬಾಯಿ ತೆರೆದವನು ತಾನು ಹುಟ್ಟಿದ ದಿನವನ್ನೇ ಶಪಿಸಿದ. ಆಮೇಲೆ ಪುಸ್ತಕದ ತುಂಬಾ ದೇವರ ಜೊತೆ ಜಗಳ. ಕೊನೆಗೆ, 42:7ರಲ್ಲಿ, ದೇವರು ಸರಿಯಾಗಿ ಮಾತಾಡಿದವನು ಯೋಬ ಅಂತಾನೆ. ದೇವರ ಪರ ವಕೀಲಿ ಮಾಡಿದ ಗೆಳೆಯರ ಮೇಲೆ ಸಿಟ್ಟಾಗುತ್ತಾನೆ. ಯಾಕೋಬ ತನ್ನ ಪತ್ರದ ಐದನೇ ಅಧ್ಯಾಯದಲ್ಲಿ ಯೋಬನ ತಾಳ್ಮೆ ನೆನಪು ಮಾಡುವಾಗ ಇಷ್ಟೆಲ್ಲಾ ಗೊತ್ತಿದ್ದೇ ಮಾಡಿರೋದು.

ಈಗ ತಂಗೀ, ನಿನಗೆ. ಏಕವಚನ ಅಂತ ಬೇಜಾರಾಗಬೇಡ, ನಿನ್ನ ವಾರಿಗೆಯ ಮಗಳಿದ್ದಾಳೆ ನನಗೆ.

ಆ ಕಾರ್ಡಿನ ಮೇಲಿರೋದು ಒಂದು ಪತ್ರದ ನಡುವಿನ ಸಾಲು. ಪತ್ರ ಪೂರ್ತಿ ಓದು. ಕ್ರಿ.ಪೂ. 597ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನು, ಅಧಿಕಾರಿಗಳನ್ನು, ಜೊತೆಗೆ ಬಡಗಿ ಕಮ್ಮಾರರನ್ನೂ ಸೆರೆ ಹಿಡಿದು ಒಯ್ದ. (ನಮ್ಮಂಥ ಫಿಟ್ಟರುಗಳನ್ನು ಯಾವ ಸರಕಾರವೂ ಬಿಡೋದಿಲ್ಲ.) ಅಲ್ಲಿ ಹೋದವರಿಗೆ ಒಂದೇ ಪ್ರಶ್ನೆ: ವಾಪಸ್ ಯಾವಾಗ?

28ನೇ ಅಧ್ಯಾಯದಲ್ಲಿ ಇದಕ್ಕೆ ಒಬ್ಬ ಉತ್ತರ ಕೊಡುತ್ತಾನೆ. ಹನನ್ಯ ಅಂತ ಪ್ರವಾದಿ. ದೇವಾಲಯದಲ್ಲಿ ಎಲ್ಲರೆದುರು ನಿಂತು, ಇನ್ನೆರಡೇ ವರ್ಷ, ಎಲ್ಲರೂ ಬಂದುಬಿಡುತ್ತಾರೆ ಅಂದ. ಪ್ರವಾದಿ ಯೆರೆಮೀಯನೂ ಅಲ್ಲೇ ಇದ್ದ, ಬಾಬೆಲಿಗೆ ತಲೆಬಾಗಲೇಬೇಕು ಅನ್ನೋದರ ಗುರುತಿಗೆ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು. ಅವನು ಮೊದಲು ಹೇಳಿದ್ದೇನು ಗೊತ್ತಾ? ಆಮೆನ್, ಹಾಗೇ ಆಗಲಿ ಅಂದ. ಅವನಿಗೂ ಬೇಕಾಗಿದ್ದು ಅದೇ. ಆದರೆ ಅದು ದೇವರ ಮಾತಲ್ಲ ಅಂತಲೂ ಅವನಿಗೆ ಗೊತ್ತಿತ್ತು. ಹನನ್ಯ ಆ ನೊಗ ಕಿತ್ತು ಮುರಿದು ಹಾಕಿದ. ಜನ ಚಪ್ಪಾಳೆ ಹೊಡೆದಿರಬೇಕು ಅಂತ ನನ್ನ ಊಹೆ. ಬೈಬಲಿನಲ್ಲಿ ಹಾಗೇನೂ ಬರೆದಿಲ್ಲ.

ಆಮೇಲೆ 29. ಯೆರೆಮೀಯ ಬಾಬೆಲಿನವರಿಗೆ ಪತ್ರ ಬರೆಯುತ್ತಾನೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಪಟ್ಟಣಕ್ಕಾಗಿಯೇ ಪ್ರಾರ್ಥನೆ ಮಾಡಿ. ಹತ್ತನೇ ವಾಕ್ಯದಲ್ಲಿ ಲೆಕ್ಕ ಬರುತ್ತದೆ: 70 ವರ್ಷ. ಪತ್ರ ಕೇಳಿಸಿಕೊಂಡ ನಡುವಯಸ್ಸಿನವರು ಯಾರೂ ಊರು ನೋಡುವ ಹಾಗಿಲ್ಲ ಅಂತ ಆಯಿತಲ್ಲ? ನಿನ್ನ ಕಾರ್ಡಿನ ವಾಕ್ಯ ಬರುವುದು ಇದಾದ ಮೇಲೆ. ಹತ್ತನ್ನು ಬಿಟ್ಟು ಹನ್ನೊಂದನ್ನಷ್ಟೇ ಪ್ರಿಂಟ್ ಹಾಕಿದರೆ ಹನನ್ಯನ ಮಾತಿನ ಹಾಗೆಯೇ ಕೇಳಿಸುತ್ತದೆ. ನಿನಗೆ ಸಿಟ್ಟು ಬಂದದ್ದು ಅದಕ್ಕೇ ಇರಬೇಕು.

ಈ ಡಿಸೆಂಬರಿನೊಳಗೆ ಅಪ್ಪನ ಕೈ ಬರುತ್ತದೆ ಅಂತ ಆ ಪತ್ರ ಹೇಳೋದಿಲ್ಲ. ಬರೋದಿಲ್ಲ ಅಂತಲೂ ಹೇಳೋದಿಲ್ಲ. ಇವತ್ತಿನ ಕೆಲಸ ಇವತ್ತು ಮಾಡಿ, ನಾನು ನಿಮ್ಮನ್ನು ಮರೆತಿಲ್ಲ ಅನ್ನುತ್ತದೆ. ಮಂಚದ ಪಕ್ಕ ಕೂತು ಬ್ಲೌಸ್ ಹೊಲಿಯುತ್ತೀಯಲ್ಲ, ನೀನು ಆ ಪತ್ರದ ಪ್ರಕಾರವೇ ನಡೆಯುತ್ತಿದ್ದೀಯ.

ವಿಶ್ವಾಸ ಕಮ್ಮಿ ಅಂದವರಿಗೆ 2 ತಿಮೊಥೆ 4:20 ತೋರಿಸು. ತ್ರೊಫಿಮನಿಗೆ ಹುಷಾರಿರಲಿಲ್ಲ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಪೌಲ ಬರೆದಿದ್ದಾನೆ. ಅಷ್ಟೇ, ಒಂದೇ ಸಾಲು. ತ್ರೊಫಿಮನ ವಿಶ್ವಾಸದ ಬಗ್ಗೆ ಚಕಾರ ಇಲ್ಲ. ಪೌಲ ತನ್ನ ಮೈಯಲ್ಲಿದ್ದ ಶೂಲ ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ, ಅದೂ ಹೋಗಲಿಲ್ಲ. ಅವನಿಗೆ ಹೋಗಿ ವಿಶ್ವಾಸ ಕಮ್ಮಿ ಅನ್ನುವವರು ಯಾರಾದರೂ ಇದ್ದರೆ ನೋಡೋಣ.

ನಾನು ಇದನ್ನೆಲ್ಲ ಓದಿದ್ದು ಡಯಾಲಿಸಿಸ್ ವಾರ್ಡಿನ ಹೊರಗೆ. ನನ್ನ ಹೆಂಡತಿಗೆ ವಾರಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕು ತಾಸು. ಹೊರಗೆ ಕೂತವನಿಗೆ ಬೇರೆ ಕೆಲಸ ಇರಲಿಲ್ಲ. ಪ್ರಾರ್ಥನೆ ಮಾಡಿದವರು ಬಹಳ ಜನ. ಅವಳು ಉಳಿಯಲಿಲ್ಲ. ಆದರೂ ಬುಧವಾರದ ಸತ್ಯವೇದ ಪಾಠಕ್ಕೆ ನಾನು ಈಗಲೂ ಹೋಗುತ್ತೇನೆ, ಈಗ ನಾನೇ ನಡೆಸುತ್ತೇನೆ. ಯಾಕೆ ಅಂತ ಯಾರಾದರೂ ಕೇಳಿದರೆ ಯೆರೆಮೀಯನ 32ನೇ ಅಧ್ಯಾಯ ತೆಗೆದು ಓದುತ್ತೇನೆ.

ಅದರಲ್ಲಿ ಏನಿದೆ ಅಂದರೆ, ಬಾಬೆಲಿನ ದಂಡು ಯೆರೂಸಲೇಮನ್ನು ಸುತ್ತುವರಿದಿದೆ. ಊರು ಬೀಳುತ್ತದೆ ಅಂತ ಹೇಳಿದ್ದಕ್ಕೆ ಯೆರೆಮೀಯ ಕಾವಲಿನಲ್ಲಿದ್ದಾನೆ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನನ್ನ ಹೊಲ ತಗೋ ಅಂತಾನೆ. ಶತ್ರುವಿನ ದಂಡು ಬೀಡುಬಿಟ್ಟ ಸೀಮೆಯ ಹೊಲ! ಯಾರು ತಗೋತಾರೆ? ಯೆರೆಮೀಯ ತಗೊಂಡ. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿಗಳ ಸಹಿ ಹಾಕಿಸಿದ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಹಾಗೆ ಎರಡು ಪ್ರತಿ, ಒಂದು ಮುದ್ರೆ ಹಾಕಿದ್ದು, ಒಂದು ತೆರೆದದ್ದು. ಬಹಳ ದಿನ ಕೆಡದೆ ಇರಲಿ ಅಂತ ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಹಾಕಿಡು ಅಂತ ತನ್ನ ಬರಹಗಾರ ಬಾರೂಕನಿಗೆ ಹೇಳಿದ. ಈ ದೇಶದಲ್ಲಿ ಮತ್ತೆ ಹೊಲ ಮನೆ ಕೊಳ್ಳುವ ಕಾಲ ಬರುತ್ತದೆ ಅಂತ ದೇವರು ಹೇಳಿದ್ದಕ್ಕೆ ಇಷ್ಟೆಲ್ಲ. ಆ ಹೊಲವನ್ನು ಅವನು ಒಂದು ದಿನವಾದರೂ ಉತ್ತ ಅಂತ ಎಲ್ಲೂ ಬರೆದಿಲ್ಲ. ಕೊನೆಗೆ ಜನ ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋದರು.

28, 29, 32 ಈ ಸಾಲಿನಲ್ಲಿ ಓದು. ಆಮೇಲೆ 20. ಅಲ್ಲಿ ಯೆರೆಮೀಯನೂ ನಿನ್ನಷ್ಟೇ ಸಿಟ್ಟಾಗಿದ್ದಾನೆ, ಜಾಸ್ತಿಯೇ ಅನ್ನಬಹುದು. ಹಳೇ ಸತ್ಯವೇದದ ಕನ್ನಡ ಕಷ್ಟ ಅನ್ನಿಸಿದರೆ ಬಾಯಿಬಿಟ್ಟು ಜೋರಾಗಿ ಓದು. ಅದು ಕಿವಿಗೆ ಬಿದ್ದರೆ ಬೇಗ ತಿಳಿಯುತ್ತದೆ.

ನೈಟ್ ಡ್ಯೂಟಿ:

ನಾನು ಕ್ಯಾಥೊಲಿಕ್, ಮೈಸೂರು ಕಡೆ. ನರ್ಸ್ ಕೆಲಸದಿಂದ ನಿವೃತ್ತಿ ಆಗಿದ್ದೇನೆ. ಬೈಬಲ್ ವಿಷಯ ಮೇಲಿನ ಅಣ್ಣ ಚೆನ್ನಾಗಿ ಹೇಳಿದ್ದಾರೆ. ನಾನು ಮಾತ್ರೆ ವಿಷಯಕ್ಕೆ ಬರುತ್ತೇನೆ.

ಮಾತ್ರೆ ನಿಲ್ಲಿಸಬೇಡಿ. ಒಮ್ಮೆ ಲಕ್ವಾ ಹೊಡೆದವರಿಗೆ ಎರಡನೇ ಸಲ ಹೊಡೆಯುವ ಅಪಾಯ ಇದ್ದೇ ಇರುತ್ತದೆ. ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಇವೇ ಅದನ್ನು ತಡೆಯೋದು. ಡಾಕ್ಟರು ಹೇಳದೆ ಒಂದನ್ನೂ ಬಿಡಿಸಬಾರದು. ಅಪ್ಪ ವಾಕ್ಯ ಕೇಳಿದರೆ ಯೆಶಾಯ 38 ಓದಿ ಹೇಳಿ. ಹಿಜ್ಕೀಯ ರಾಜ ಸಾಯುವ ಹಾಗಿದ್ದ. ಅತ್ತು ಪ್ರಾರ್ಥನೆ ಮಾಡಿದ. ಇನ್ನೂ 15 ವರ್ಷ ಆಯಸ್ಸು ಕೊಟ್ಟೆ ಅಂತ ದೇವರು ಹೇಳಿದರು. ಅಷ್ಟು ಹೇಳಿಸಿದ ಮೇಲೂ ಯೆಶಾಯ ಏನು ಮಾಡಿದ? ಅಂಜೂರದ ಹಣ್ಣು ಅರೆದು ಹುಣ್ಣಿಗೆ ಕಟ್ಟಿ ಅಂದ. ವಾಗ್ದಾನವೂ ಆಯಿತು, ಮದ್ದೂ ಆಯಿತು. ಲೂಕ ವೈದ್ಯನಾಗಿದ್ದ ಅಂತ ಪೌಲನೇ ಬರೆದಿದ್ದಾನಲ್ವಾ?

ಕೈ ವಿಷಯ. ಎಬ್ಬಿಸುವಾಗ ಎಡಗೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಬೆನ್ನಿನ ಹಿಂದಿನಿಂದ ಆಧಾರ ಕೊಡಿ. ಮಡಚಿದ ಅಂಗೈಯಲ್ಲಿ ಬೆವರು ನಿಂತು ಚರ್ಮ ಕೊಳೆಯುತ್ತದೆ. ದಿನಾ ಬಿಡಿಸಿ ತೊಳೆದು ಚೆನ್ನಾಗಿ ಒರೆಸಿ. ಸ್ಪ್ಲಿಂಟ್ (ಬೆರಳು ಬಿಡಿಸಿ ಹಿಡಿಯುವ ಪಟ್ಟಿ) ಬೇಕಾ ಅಂತ ಫಿಸಿಯೋಥೆರಪಿಸ್ಟನ್ನು ಕೇಳಿ. ಮೊದಲ ಆರು ತಿಂಗಳಲ್ಲಿ ಬಂದಷ್ಟು ಬೇಗ ಆಮೇಲೆ ಬರೋದಿಲ್ಲ, ನಿಜ. ಆದರೆ ವ್ಯಾಯಾಮ ಬಿಟ್ಟರೆ ಬಂದದ್ದೂ ಹೋಗುತ್ತದೆ. ಲಕ್ವಾ ಆದ ಬಹಳ ಜನಕ್ಕೆ ಮನಸ್ಸೂ ಕುಗ್ಗುತ್ತದೆ. ಅಪ್ಪ ಮಾತ್ರೆಗೆ ಬಾಯಿ ಬಿಗಿ ಹಿಡಿಯೋದರಲ್ಲಿ ಅದೂ ಇರಬಹುದು, ಡಾಕ್ಟರ ಹತ್ತಿರ ಹೇಳಿ.

ಇನ್ನು ನೀವು. 1 ಅರಸುಗಳು 19ರಲ್ಲಿ ಎಲೀಯ ಪ್ರವಾದಿ ಸಾಕಾಯ್ತು, ನನ್ನ ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗಿಬಿಟ್ಟ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಉಪವಾಸ ಮಾಡಿ ಅಂತ ಮೇಲೆ ಯಾರೋ ಬರೆದಿದ್ದಾರೆ. ರಾತ್ರಿಯೆಲ್ಲಾ ಎದ್ದಿರುವ ನಿಮಗೆ ಈಗ ಬೇಕಾಗಿರೋದು ಊಟ, ನಿದ್ದೆ. ವಾರದಲ್ಲಿ ಒಂದು ಮಧ್ಯಾಹ್ನ ಯಾರಾದರೂ ಬಂದು ಅಪ್ಪನ ಹತ್ತಿರ ಕೂರಲಿ. ಪ್ರಾರ್ಥನೆಗೆ ಬರುವವರಿಗೇ ಈ ಕೆಲಸ ಹೇಳಿ. ತೀರಾ ಕೈಮೀರಿತು ಅನ್ನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಸಿಟ್ಟಿನ ಬಗ್ಗೆ ಒಂದು ಮಾತು. ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಗೋಳು, ದೂರುಗಳೇ. ಹೆಚ್ಚಿನವು ಕೊನೆಗೆ ಹೊಗಳಿಕೆಗೆ ತಿರುಗುತ್ತವೆ. 88 ತಿರುಗೋದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಮಠದ ಸಿಸ್ಟರ್‌ಗಳು (ಕನ್ಯಾಸ್ತ್ರೀಯರು) ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುಂಚೆ ಅದನ್ನೇ ಹೇಳುತ್ತಾರೆ. ನಿಮ್ಮ ಸಿಟ್ಟಿಗೆ ಬೈಬಲಿನಲ್ಲೇ ಜಾಗ ಇದೆ.

ಬೆಟಗೇರಿ ಟೇಲರ್:

ಕಾಕಾ, ಅಕ್ಕ, ಇಬ್ಬರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಅಂಜೂರದ ಕಥೆ ಕೆಲಸ ಮಾಡಿತು. ಅಪ್ಪ ಎರಡು ಸಲ ಓದಿಸಿದರು, ಬೈಬಲಿನಲ್ಲೇ ಇದೆಯಾ ಅಂತ ಪುಟ ತೋರಿಸಲು ಹೇಳಿದರು. ಈಗ ಮಾತ್ರೆ ತಗೋತಿದ್ದಾರೆ, ಗೊಣಗುತ್ತಾ. ಪಕ್ಕದ ಓಣಿಯ ಆಂಟಿ ಗುರುವಾರ ಮಧ್ಯಾಹ್ನ ಬಂದು ಕೂರುತ್ತೇನೆ ಅಂದಿದ್ದಾರೆ.

ಕಾರ್ಡನ್ನು ನಾನು ತೆಗೆದಿಲ್ಲ. ಅದರ ಮೇಲೆ ಪೆನ್ನಿನಿಂದ 10ನೇ ವಾಕ್ಯವನ್ನೂ ಬರೆದೆ. ಅಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ. 70 ವರ್ಷ ಅಂತ ಯಾಕೆ ಬರೆದೆ, ಅಪಶಕುನ ಅಂತಾಳೆ.

ಅಪ್ಪ ಮೊದಲು ಹೊಲ ಲಾವಣಿ ಹಾಕಿಕೊಂಡು ಮಾಡುತ್ತಿದ್ದವರು. 32ನೇ ಅಧ್ಯಾಯ ಕೇಳಿ, ಆ ಹನಮೇಲ ಭಾರಿ ಶಾಣ್ಯಾ ಇದ್ದಾನ, ಹೋಗೋ ಹೊಲಾನ ಅಣ್ಣನ ತಲಿಗೆ ಕಟ್ಟಿದ ಅಂತ ಬಹಳ ನಕ್ಕರು. ಆಮೇಲೆ 17 ಶೆಕೆಲ್ ಅಂದ್ರ ಈಗಿನ ರೊಕ್ಕ ಎಷ್ಟು ಅಂತ ಕೇಳುತ್ತಿದ್ದಾರೆ. ನನಗೆ ಗೊತ್ತಿಲ್ಲ.

ರಿಟೈರ್ಡ್ ಫಿಟ್ಟರ್, ಹುಬ್ಬಳ್ಳಿ:

ಅಪ್ಪಾರಿಗೆ ನನ್ನ ನಮಸ್ಕಾರ ಹೇಳು. ಅವರು ಹೇಳಿದ್ದು ನಮ್ಮ ಪಾಠದಲ್ಲಿ ಇದುವರೆಗೆ ಯಾರಿಗೂ ಹೊಳೆದಿರಲಿಲ್ಲ, ಬರುವ ಬುಧವಾರ ಹೇಳುತ್ತೇನೆ.

ಮುಂದೆ ಯೆರೆಮೀಯ 38 ಓದಿರಿ. ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಬಿಡುತ್ತಾರೆ. ಎಬೆದ್ಮೆಲೆಕ ಅನ್ನುವ ಕೂಷ್ ದೇಶದವನು ಅವನನ್ನು ಮೇಲೆತ್ತಲು ಹಗ್ಗದ ಜೊತೆ ಹಳೇ ಬಟ್ಟೆಯ ಚಿಂದಿಗಳನ್ನೂ ಇಳಿಸುತ್ತಾನೆ. ಕಂಕುಳಲ್ಲಿ ಇಟ್ಟುಕೋ, ಆಮೇಲೆ ಹಗ್ಗ ಹಾಕಿಕೋ ಅಂತಾನೆ. ಹಗ್ಗ ಒತ್ತಬಾರದಲ್ಲ, ಅದಕ್ಕೆ. ನರ್ಸಮ್ಮ ಭುಜದ ಬಗ್ಗೆ ಹೇಳಿದ್ದು ಓದಿದಾಗ ನನಗೆ ಇದೇ ನೆನಪಾಯಿತು. ನಿನ್ನ ಮನೆಯಲ್ಲಿ ಚಿಂದಿಗೇನು ಕಮ್ಮಿ.

ಶೆಕೆಲ್ ಲೆಕ್ಕ: ಒಂದಕ್ಕೆ ಹನ್ನೊಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. 17ಕ್ಕೆ ಸುಮಾರು 190 ಗ್ರಾಂ ಬೆಳ್ಳಿ. ಇವತ್ತಿನ ರೇಟು ಪೇಪರಿನಲ್ಲಿ ನೋಡಿ ಅಪ್ಪಾರೇ ಗುಣಿಸಲಿ. ಎಕರೆ ಎಷ್ಟಿತ್ತು ಅಂತ ಕೇಳಿಯೇ ಕೇಳುತ್ತಾರೆ, ಅದನ್ನು ಮಾತ್ರ ಯೆರೆಮೀಯ ಬರೆದಿಲ್ಲ.