ಇರುಳಿನ ಆಟಕ್ಕೆ ಯಾವ ಕ್ಯಾಮೆರಾ?

ಕುಂಬಳೆಯ ಸದಸ್ಯರು: ಅಣ್ಣಾ, ಮನೆಯ ಸಮಾರಂಭಗಳಿಗೆ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಎಷ್ಟು ಮೆಗಾಪಿಕ್ಸೆಲ್ ಇರಬೇಕು?

ಸ್ಟುಡಿಯೋದವರು: 24 ಧಾರಾಳವಾಯಿತು. 20 ಇಂಚು ಅಗಲದ ಚಿತ್ರವನ್ನೂ ಅದರಿಂದ ಚೊಕ್ಕವಾಗಿ ಮುದ್ರಿಸಬಹುದು.

ಮುಳ್ಳೇರಿಯದ ಸದಸ್ಯೆ: ನಾನು ಯಕ್ಷಗಾನ ಬಯಲಾಟ, ತೆಯ್ಯಂ ಎಂಬ ದೈವಾರಾಧನೆಗಳ ಚಿತ್ರ ತೆಗೆಯುತ್ತೇನೆ. ಕ್ಯಾಮೆರಾದೊಂದಿಗೆ ಬಂದ 18–55 ಮಿ.ಮೀ. ಜೂಮ್ ಲೆನ್ಸಿನಲ್ಲಿ ವೇಷಗಳೆಲ್ಲ ಕದಡಿದಂತೆ ಬರುತ್ತವೆ. ಅಡಿಕೆ ಮಾರಿದ ಹಣದಲ್ಲಿ ಒಂದೂವರೆ ಲಕ್ಷ ತೆಗೆದಿರಿಸಿದ್ದೇನೆ. ಫುಲ್‌ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾ ಕೊಳ್ಳಲೇ?

ಸ್ಟುಡಿಯೋದವರು: ಅಕ್ಕಾ, ಅವಸರ ಬೇಡ. ನಿಮ್ಮ ತೊಂದರೆ ಇರುವುದು ಲೆನ್ಸಿನಲ್ಲಿ. ಅದನ್ನು 55ಕ್ಕೆ ಎಳೆದಾಗ ಕಿಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಕಿರಿದಾದಷ್ಟೂ ಕಿಂಡಿ ಹಿರಿದು), 50 ಮಿ.ಮೀ. ಎಫ್/1.8 ಲೆನ್ಸು ಅದರ ಒಂಬತ್ತು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ, ಬೆಲೆಯೋ ನೀವು ತೆಗೆದಿರಿಸಿದ ಹಣದ ಒಂದು ಸಣ್ಣ ಪಾಲು. ಫುಲ್‌ಫ್ರೇಮ್ ಸೆನ್ಸರಿನ ವಿಸ್ತಾರ ನಿಮ್ಮದರ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ವೇಷ ಸುತ್ತಿ ಹಾರುವ ದಿಗಿಣದ ಹೊತ್ತಿಗೆ ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 3200ಕ್ಕೇರಿ ಚಿತ್ರ ಕಾಳುಕಾಳಾದರೂ ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಕದಡಿದ್ದನ್ನು ತಿದ್ದಲಾಗದು. ತೆಯ್ಯಂನಲ್ಲಿ ಸೂಟೆಯ (ಪಂಜಿನ) ಉರಿಗೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಮುಖವನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಒಂದು ಬಿಂದುವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ಮುಖದ ಬೆಳಕನ್ನೇ ಅಳೆಯಿರಿ. ಫ್ಲ್ಯಾಶ್ ಖಂಡಿತ ಬೇಡ. ಉರಿಯ ಕೆಂಪು ಸತ್ತುಹೋಗುತ್ತದೆ, ದೈವದ ಎದುರು ಅದು ಮರ್ಯಾದೆಯೂ ಅಲ್ಲ. ಇಷ್ಟಾದರೂ ಸಾಲದೆನಿಸಿದರೆ ಒಂದು ರಾತ್ರಿಯ ಮಟ್ಟಿಗೆ ಫುಲ್‌ಫ್ರೇಮನ್ನು ಬಾಡಿಗೆಗೆ ತಂದು ನೋಡಿ.

ಉಪ್ಪಳದ ಸದಸ್ಯರು: ಇಷ್ಟೆಲ್ಲ ಏಕೆ? ಈಗಿನ ಮೊಬೈಲೇ ಸಾಕು.

ನೀರ್ಚಾಲಿನ ಸದಸ್ಯರು: ಹಗಲಿನ ಬೇಕಲ ಕೋಟೆಗೆ ಸಾಕು. ಸಭೆಯ ಹಿಂದಿನ ಸಾಲಿನಿಂದ ಕಿರೀಟವೇಷವನ್ನು ತೆಗೆದು ತೋರಿಸಿ.

ಉಪ್ಪಳದ ಸದಸ್ಯರು: ತೆಗೆದಿದ್ದೇನೆ, ಇನ್ನೂರು ಮಂದಿ ಮೆಚ್ಚಿದ್ದಾರೆ.

ಬದಿಯಡ್ಕದ ಸದಸ್ಯರು: ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಕಡಿಮೆ ಬೆಲೆಗೆ ಸಿಗುವುದಾದರೆ ಕೊಳ್ಳಬಹುದೇ, ಕನ್ನಡಿಯಿಲ್ಲದ ಮಿರರ್‌ಲೆಸ್ಸಿಗೆ ಕಾಯಬೇಕೇ?

ನೀರ್ಚಾಲಿನ ಸದಸ್ಯರು: ಆ ಇನ್ನೂರು ಮಂದಿ ನೋಡಿದ್ದು ಅಂಗೈಯಗಲದ ಪರದೆಯಲ್ಲಿ. ಬ್ಯಾನರಿಗೆ ದೊಡ್ಡದು ಮಾಡಿದಾಗ ವೇಷಧಾರಿಯ ಕಣ್ಣನ್ನು ಹುಡುಕಬೇಕಾಯಿತಲ್ಲ?

ಉಪ್ಪಳದ ಸದಸ್ಯರು: ನಿಮ್ಮ ಕ್ಯಾಮೆರಾ ಕಪಾಟಿನಿಂದ ಹೊರಬಂದು ಎಷ್ಟು ವರ್ಷವಾಯಿತು?

ಪೆರ್ಲದ ಸದಸ್ಯರು: ಲೆನ್ಸಿಗೆ ಬೂಷ್ಟು ಹಿಡಿದರೆ ಅಕ್ಕಿಯಲ್ಲಿ ಹೂತಿಟ್ಟು, ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಬೇಕೆಂದು ಸಂದೇಶವೊಂದು ಬಂದಿದೆ. ಸರಿಯೇ?

ಸ್ಟುಡಿಯೋದವರು: ಅದನ್ನು ದಯವಿಟ್ಟು ಇನ್ನೊಬ್ಬರಿಗೆ ಕಳುಹಿಸಬೇಡಿ. ಪೇಸ್ಟು ಗಾಜಿನ ಲೇಪವನ್ನೇ ತಿಕ್ಕಿ ತೆಗೆಯುತ್ತದೆ, ಅಕ್ಕಿಯ ಹುಡಿ ಜೂಮಿನ ಸಂದಿಗೆ ಸೇರುತ್ತದೆ. ಒಳಗಾಜಿನ ಬೂಷ್ಟನ್ನು ಬಿಚ್ಚಿ ತೊಳೆಯಬಲ್ಲವರಿಗೇ ಕೊಡಬೇಕು. ಮಳೆಗಾಲದಲ್ಲಿ ಚರ್ಮದ ಚೀಲ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಶೇಕಡ 40–50ರಲ್ಲಿ ಇರಲಿ.

ಪುತ್ತಿಗೆಯ ಸದಸ್ಯರು: ಮೆಗಾಪಿಕ್ಸೆಲ್ ಎಷ್ಟು ಬೇಕು ಅಣ್ಣಾ?

ಸ್ಟುಡಿಯೋದವರು: ಮೇಲೆ ಬರೆದಿದ್ದೇನೆ.

ನೀರ್ಚಾಲಿನ ಸದಸ್ಯರು: ಉಪ್ಪಳದವರು ಮೊಬೈಲಿಗೂ ಪೇಸ್ಟು ಹಚ್ಚಿರಬೇಕು.

ಸ್ಟುಡಿಯೋದವರು: ನಿಮ್ಮಿಬ್ಬರ ತಾಳಮದ್ದಳೆ ಮುಗಿದ ಮೇಲೆ ಬರುತ್ತೇನೆ.

ಬದಿಯಡ್ಕದ ಸದಸ್ಯರು: ಡಿಎಸ್‌ಎಲ್‌ಆರ್ ವಿಷಯ ಕೇಳಿದ್ದೆ.